ಹೆಪ್ಪಾಗದ ಹಾಲು

ಮೊಸರಿನಲ್ಲಿ ಕಲ್ಲು ಹುಡುಕುವವರಿಗೂ ಮೊದಲು ಮೊಸರು ಅಂತ ಒಂದು ಬೇಕಾಗುತ್ತದೆ. ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಆ ಭಾನುವಾರ, ಜಯನಗರದ ಶಾಮಣ್ಣನ ಮನೆಯಲ್ಲಿ ಅದೇ ಇರಲಿಲ್ಲ. ಬೆಳಗಾಗುತ್ತಲೇ ಅವನ ಹೆಂಡತಿ ವಿಮಲಾ ಅಡಿಗೆಮನೆಗೆ ಹೋಗಿ ಮೊಸರಿನ ಪಾತ್ರೆಯ ತಟ್ಟೆ ಸರಿಸಿ ನೋಡಿದಳು. ಹಿಂದಿನ ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಹಾಲಾಗಿಯೇ ಇತ್ತು. ಪಾತ್ರೆ ವಾಲಿಸಿದಳು, ಹಾಲೂ ಜೊತೆಗೇ ವಾಲಿತು.

"ರೀ, ಎದ್ದು ಬನ್ನಿ. ಇವತ್ತಿಗೆ ಮೂರು ದಿನ ಆಯ್ತು, ಹಾಲು ಹೆಪ್ಪೇ ಆಗ್ತಿಲ್ಲ!"

ಶಾಮಣ್ಣ ಸರ್ವೆ ಆಫೀಸಿನಲ್ಲಿ ಗುಮಾಸ್ತ. ಅನುಮಾನಂ ಪೆದ್ದ ರೋಗಂ ಎನ್ನುತ್ತಾರಲ್ಲ, ಆ ರೋಗ ಅವನಿಗೆ ತೊಟ್ಟಿಲಿನಲ್ಲೇ ತಗುಲಿಕೊಂಡಿತ್ತು. ತರಕಾರಿಯವಳು ನಾಲ್ಕು ಬೆಂಡೆಕಾಯಿ ಹೆಚ್ಚಿಗೆ ಹಾಕಿದರೆ, ಇವಳು ಯಾಕೆ ಹಾಕಿದಳು ಎಂದು ಸಂಜೆಯವರೆಗೆ ಯೋಚಿಸುವವನು. ಪೋಸ್ಟ್‌ಮನ್ ನಕ್ಕರೆ ಕಾಗದ ಒಡೆದು ಓದಿಕೊಂಡೇ ಬಂದಿದ್ದಾನೆ ಎಂದು ಲಕೋಟೆಯ ಅಂಟು ಪರೀಕ್ಷೆ ಮಾಡುವವನು. ಈಗ ಅವನ ಮೊದಲ ಅನುಮಾನ ಹತ್ತಿರವೇ ನಿಂತಿದ್ದ ಹೆಂಡತಿಯ ಮೇಲೆ ಹೋಯಿತು.

"ಹಾಲು ಸುಡ್ತಾ ಇದ್ದಾಗ್ಲೇ ಹೆಪ್ಪು ಹಾಕಿದ್ಯಾ?"

"ಎಂಟನೇ ವಯಸ್ಸಿಂದ ಹೆಪ್ಪು ಹಾಕ್ತಿದೀನಿ. ನನಗೇ ಪಾಠ ಹೇಳ್ಬೇಡಿ. ಶುಕ್ರವಾರ ನಮ್ಮ ಮೊಸರು ಹೋಯ್ತು ಅಂತ ಪಕ್ಕದ ಮೀನಾಕ್ಷಮ್ಮನೋರ ಹತ್ರ ಹೆಪ್ಪು ಇಸ್ಕೊಂಡೆ. ಅದೂ ಆಗ್ಲಿಲ್ಲ. ಅವರು ಕೊಟ್ಟ ಹೆಪ್ಪಲ್ಲೇ ಏನೋ ಇದೆ."

ಗೋಡೆಗೆ ಕಿವಿ ಇರುತ್ತದೆ ಎನ್ನುವುದು ಗಾದೆ. ಆ ಮನೆಯಲ್ಲಿ ಗೋಡೆಗೆ ಮೀನಾಕ್ಷಮ್ಮನವರೇ ಇದ್ದರು. ಮಿಡ್ಲ್ ಸ್ಕೂಲಿನಲ್ಲಿ ಮೂವತ್ತು ವರ್ಷ ಮೇಡಮ್ಮಾಗಿದ್ದ ಗಂಟಲು ನಡುಗೋಡೆಯ ಆಚೆಯ ಪೋರ್ಷನ್ನಿನಿಂದ ಕೇಳಿಬಂತು.

"ಏನಮ್ಮಾ ವಿಮಲಾ? ನನ್ನ ಹೆಪ್ಪಿಗೆ ಏನಾಗಿದೆ? ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತ ಗೊತ್ತಿದ್ದೂ ಪಾಪ ಅಂತ ಕೊಟ್ಟೆ. ಕೊಟ್ಟ ದಿನದಿಂದ ನಮ್ಮನೆ ಹಾಲೂ ಹೆಪ್ಪಾಗ್ತಿಲ್ಲ. ಯಾರ ಕಣ್ಣು ಬಿತ್ತೋ ಅಂತ ನಾನು ಬಾಯಿ ಮುಚ್ಕೊಂಡಿದೀನಿ!"

"ನಿಮ್ಮದೂ ಆಗ್ತಿಲ್ವಾ?"

"ಶುಕ್ರವಾರದಿಂದ ಇಲ್ಲ."

"ನಮ್ಮದೂ ಶುಕ್ರವಾರದಿಂದ."

ಇಬ್ಬರು ಹೆಂಗಸರೂ ಒಟ್ಟಿಗೆ ಹಿತ್ತಿಲ ಕೊಟ್ಟಿಗೆಯ ಕಡೆ ತಿರುಗಿದರು. ಅಲ್ಲಿ ಎರಡೂ ಮನೆಗೆ ಹಾಲು ಕೊಡುವ ಕೆಂಪಿ ಎಂಬ ಹಸು ಮೆಲುಕು ಹಾಕುತ್ತ ನಿಂತಿತ್ತು.

"ನೀರು!" ಎಂದರು ಮೀನಾಕ್ಷಮ್ಮ.

ಶಾಮಣ್ಣ ಮೆಲ್ಲಗೆ ಮಾತಾಡಿ ಎಂದು ಇಬ್ಬರಿಗೂ ಕೈಸನ್ನೆ ಮಾಡಿದ. ಏಕೆಂದರೆ ಕೆಂಪಿಯ ಯಜಮಾನರೇ ಅವನ ಮನೆಯ ಮಾಲೀಕರು. ಚಿಕ್ಕಬೈರಪ್ಪನವರದು ಹಳೇ ಊರಿನ ಮನೆತನ. ಜಯನಗರ ಎಂಬ ಹೆಸರು ಹುಟ್ಟುವ ಮೊದಲು ಅಲ್ಲೆಲ್ಲ ಅವರ ರಾಗಿ ಹೊಲವಿತ್ತು. ಹೊಲ ಬಡಾವಣೆಗೆ ಹೋಗಿ, ಉಳಿದ ಜಾಗದಲ್ಲಿ ಮೂರು ಪೋರ್ಷನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮನೆಯೊಳಗೇ ನಲ್ಲಿ ಇದ್ದ ಆ ಪೋರ್ಷನ್ನು ಶಾಮಣ್ಣನಿಗೆ ಸಿಕ್ಕಿದ್ದು ಅವನ ಪುಣ್ಯ. "ನಂದು ಎಲ್ಡೇ ಮಾತು ಸಾಮಿ," ಎಂದಿದ್ದರು ಚಿಕ್ಕಬೈರಪ್ಪನವರು. "ಹಾಲು ನಮ್ ಕೆಂಪೀದೇ ತಗಬೇಕು. ಇಂಗ್ಲೀಸ್ ಕಾಗ್ದ ಬಂದ್ರೆ ಓದಿ ಯೋಳ್ಬೇಕು." ಅಂದಿನಿಂದ ಸರ್ಕಾರದ ನೋಟೀಸು, ಲೈಟ್ ಬಿಲ್ಲು, ಔಷಧಿ ಚೀಟಿ ಎಲ್ಲ ಶಾಮಣ್ಣನ ಹತ್ತಿರವೇ ಬರುತ್ತಿತ್ತು. ಮೊನ್ನೆ ಗುರುವಾರವೂ ಹಾಗೇ. ಆಫೀಸಿಗೆ ಹೊತ್ತಾಗಿ ಒಂದು ಕಾಲನ್ನು ಸೈಕಲ್ಲಿನ ಪೆಡಲಿನ ಮೇಲಿಟ್ಟಿದ್ದವನ ಮುಂದೆ ಅವರು ಯಾವುದೋ ಚೀಟಿ ಹಿಡಿದರು. ಯಾರಿಗೆ ಹುಷಾರಿಲ್ಲ ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. "ದಿನಕ್ಕೆ ಎರಡು ಸಲ, ನಾಲ್ಕು ದಿನ. ಮಿಕ್ಕಿದ್ದೆಲ್ಲ ಇದ್ದಿದ್ದೇ," ಎಂದು ಓದಿ ಹೇಳಿ ಹೊರಟುಬಿಟ್ಟಿದ್ದ. ಇಂಥ ಸಣ್ಣ ಸೇವೆಗಳಿಂದಲೇ ಅವನಿಗೆ ಅಲ್ಲಿ ಮರ್ಯಾದೆ.

ಈ ಮನೆ ಕೈಬಿಟ್ಟರೆ ಅವನಿಗೆ ಇದ್ದದ್ದು ಒಂದೇ ದಾರಿ, ಹನುಮಂತನಗರದ ಅತ್ತೆಯ ಮನೆ. ಮದುವೆಯಾದ ಹೊಸದರಲ್ಲಿ ಹದಿನಾಲ್ಕು ತಿಂಗಳು ಅಲ್ಲಿ ಮನೆ ಅಳಿಯನಾಗಿದ್ದ. ಅತ್ತೆ ಲಕ್ಷ್ಮಿದೇವಮ್ಮನವರು ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ಅಳಿಯ ಎರಡನೇ ಸಲ ಸಾರು ಬಡಿಸಿಕೊಂಡರೆ ಒಮ್ಮೆ ಸೌಟನ್ನು, ಒಮ್ಮೆ ಅಳಿಯನನ್ನು ನೋಡುತ್ತಿದ್ದರು, ಅಷ್ಟೇ. ಅಲ್ಲಿಂದ ಹೊರಬಿದ್ದ ಮೇಲೂ ಪ್ರತಿ ಶುಕ್ರವಾರ ಒಂದು ಕ್ಯಾನು ಕೆಂಪಿಯ ಹಾಲನ್ನು ಸೈಕಲ್ಲಿಗೆ ತಗುಲಿಸಿಕೊಂಡು ಹೋಗಿ ಅವರಿಗೆ ಕೊಟ್ಟುಬರುತ್ತಿದ್ದ. ಕಪ್ಪಕಾಣಿಕೆ ಸರಿಯಾಗಿ ಸಂದರೆ ರಾಜರು ದಂಡೆತ್ತಿ ಬರುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

"ನೀವು ಹೋಗಿ ಮಾಲೀಕರನ್ನ ಕೇಳ್ತೀರೋ, ಇಲ್ವೋ?" ವಿಮಲಾ ಆಗಲೇ ಟ್ರಂಕು ಎಳೆದು ಸೀರೆ ಮಡಿಸಿಡಲು ಶುರುಮಾಡಿದ್ದಳು. "ಕೈಗುಣ ಸರಿಯಿಲ್ಲ ಅನ್ನಿಸ್ಕೊಂಡು ನಾನಿಲ್ಲಿ ಇರಲ್ಲ. ಇವತ್ತು ಸಂಜೆಯೊಳಗೆ ಇದು ಇತ್ಯರ್ಥ ಆಗ್ಲಿಲ್ಲ ಅಂದ್ರೆ ಅಮ್ಮನ ಮನೆಗೆ ಹೋಗ್ತೀನಿ."

ಕೇಳಿದರೆ ಮನೆ ಹೋಗುತ್ತದೆ, ಕೇಳದಿದ್ದರೆ ಹೆಂಡತಿ ಹೋಗುತ್ತಾಳೆ. ಕೇಳದೆಯೇ ಕಣ್ಣಾರೆ ಕಂಡು ಹಿಡಿಯುವುದು ಎಂದು ಶಾಮಣ್ಣ ನಿಶ್ಚಯಿಸಿ, ಹಾಲು ಕರೆಯುವ ಹೊತ್ತಿಗೆ ಹಿತ್ತಿಲಿನ ಸೌದೆ ಒಟ್ಟಿಲಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತ.

ಚಿಕ್ಕಬೈರಪ್ಪನವರು ಬಂದು ಕೆಂಪಿಯ ಬೆನ್ನು ಸವರಿದರು, ಕೆಚ್ಚಲು ತೊಳೆದರು, ಹಾಲು ಕರೆದರು. ಚೊಂಬಿನ ನೀರು ಹಾಲಿನ ಹತ್ತಿರ ಸುಳಿಯಲಿಲ್ಲ. ಆದರೆ ಕರೆದು ಮುಗಿದ ಮೇಲೆ ಅವರು ಅತ್ತಿತ್ತ ನೋಡಿ, ಸೊಂಟದಿಂದ ಹೊಳೆಯುವ ಸಣ್ಣದೇನನ್ನೋ ತೆಗೆದು ಹಸುವಿನ ಅಡಿಗೆ ಬಗ್ಗಿದರು. ಅದೇನೆಂದು ನೋಡಲು ಶಾಮಣ್ಣ ಕತ್ತು ಚಾಚಿದ್ದೇ ತಡ, ಮುಖದ ಮೇಲೆ ಒಂದು ಬೊಗಸೆ ಸಗಣಿ ನೀರು ರಪ್ಪೆಂದು ಬಂದು ಬಿತ್ತು. ಚಿಕ್ಕಬೈರಪ್ಪನವರ ಹೆಂಡತಿ ಅಕ್ಕಯಮ್ಮ ಅಂಗಳ ಸಾರಿಸಲು ಬಂದಿದ್ದರು.

"ಅಯ್ಯೋ ಸಾಮಿ! ಇಲ್ಯಾಕೆ ಕುಂತಿದ್ರಿ?"

"ಚಪ್ಪಲಿ... ಚಪ್ಪಲಿ ಹುಡುಕ್ತಿದ್ದೆ ಅಕ್ಕಯಮ್ಮ."

"ಕಾಲಾಗೇ ಅವಲ್ಲ ಸಾಮಿ!"

ಶಾಮಣ್ಣ ಕಾಲು ನೋಡಿಕೊಂಡು, ಸಿಕ್ಕಿತು ಎಂದು ಸಂತೋಷಪಟ್ಟವನ ಹಾಗೆ ನಕ್ಕು ಒಳಗೆ ಓಡಿದ. ಎರಡು ಸಲ ಸ್ನಾನ ಮಾಡಿದರೂ ಸಗಣಿಯ ವಾಸನೆ ಹೋಗಲಿಲ್ಲ. ಅನುಮಾನವೂ ಹೋಗಲಿಲ್ಲ. ಆ ಹೊಳೆಯುವ ವಸ್ತು ಏನು?

ಎಂಟು ಗಂಟೆಗೆ ಮೂರನೇ ಪೋರ್ಷನ್ನಿನ ಗಂಗಾಧರಯ್ಯನವರಿಗೆ ಸುದ್ದಿ ಮುಟ್ಟಿತು. ಅವರು ಹೆಲ್ತ್ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಅವರನ್ನು ಕಂಡರೆ ಹಾಲಿನವರು ಬೀದಿ ಬದಲಾಯಿಸುತ್ತಿದ್ದರಂತೆ. ಹಾಲಿನ ಮೇಲಿನ ಅಪನಂಬಿಕೆಯಿಂದ ಅವರೇ ಮೂವತ್ತು ವರ್ಷದಿಂದ ಕರೀ ಕಾಫಿ ಕುಡಿಯುತ್ತಿದ್ದರು, ಹಾಗಾಗಿ ಕೆಂಪಿಯ ಹಾಲಿನ ಷರತ್ತಿನಿಂದ ಅವರೊಬ್ಬರಿಗೆ ಮಾಫಿ ಇತ್ತು. ಈಗ ಕೋಟು ಹಾಕಿಕೊಂಡು, ಹಾಲಿಗೆ ಬೆರೆಸಿದ ನೀರನ್ನು ಪತ್ತೆಹಚ್ಚುವ ಹಳೇ ಲ್ಯಾಕ್ಟೋಮೀಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೀನಾಕ್ಷಮ್ಮನವರ ವೆರಾಂಡಕ್ಕೆ ದಯಮಾಡಿಸಿದರು.

ಉದ್ದ ಲೋಟದ ಹಾಲಿನಲ್ಲಿ ಗಾಜಿನ ಕೊಳವೆ ತೇಲಿತು. ಗಂಗಾಧರಯ್ಯನವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರ ಮುಖ ಸಪ್ಪಗಾಯಿತು.

"ಒಂದು ಹನಿ ನೀರಿಲ್ಲ."

"ಹಾಗಾದ್ರೆ ಮಾಲೀಕರದ್ದೇನೂ ತಪ್ಪಿಲ್ಲ," ಎಂದ ಶಾಮಣ್ಣ, ಮನೆ ಉಳಿಯಿತೆಂಬ ಆಸೆಯಿಂದ.

"ಅಲ್ರೀ ಶಾಮಣ್ಣನೋರೇ, ನೀವಿನ್ನೂ ಹುಡುಗರು. ನೀರು ಇಲ್ಲ ಅಂತ ತೋರಿಸ್ತಿದೆ ಅಂದ್ರೇನು ಅರ್ಥ? ನೀರು ಹಾಕಿ, ಅದು ಗೊತ್ತಾಗದ ಹಾಗೆ ಗಟ್ಟಿ ಮಾಡೋಕೆ ಇನ್ನೇನೋ ಹಾಕಿದಾರೆ! ನನ್ನ ಸರ್ವೀಸಲ್ಲಿ ನೋಡಿದೀನಿ. ಸಿಕ್ಕಿಬೀಳೋ ಹಾಲಿಗಿಂತ ಸಿಕ್ಕಿಬೀಳದೆ ಇರೋ ಹಾಲೇ ಅಪಾಯ."

ಶಾಮಣ್ಣನ ಕಣ್ಣ ಮುಂದೆ ಆ ಹೊಳೆಯುವ ವಸ್ತು ಬಂದು ನಿಂತಿತು. ಬಾಯಿ ತಡೆಯಲಾರದೆ ಕಂಡದ್ದನ್ನು ಹೇಳಿಬಿಟ್ಟ.

"ಸಾಕ್ಷಿ ಬೇಕು," ಎಂದರು ಗಂಗಾಧರಯ್ಯನವರು. "ಕೊಟ್ಟಿಗೇಲಿ ಹುಡುಕಿ."

"ನಾನಾ?"

"ನಾನು ಹೋಗಬಹುದಿತ್ತು, ರಿಟೈರ್ ಆಗಿದೀನಲ್ಲ."

ಮಧ್ಯಾಹ್ನ ಚಿಕ್ಕಬೈರಪ್ಪನವರು ಒಣಹುಲ್ಲು ತರಲು ಬಿಳೇಕಹಳ್ಳಿಗೆ ಗಾಡಿ ಕಟ್ಟಿಕೊಂಡು ಹೋದರು. ಅಕ್ಕಯಮ್ಮ ಊಟ ಮಾಡಿ ಅಡ್ಡಾದರು. ಶಾಮಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಗೆ ನುಗ್ಗಿದ. ಗೋದಲಿಯ ಕೆಳಗೆ, ಗೂಡಿನಲ್ಲಿ, ಹಿಂಡಿಯ ಮೂಟೆಯ ಹಿಂದೆ ಎಲ್ಲ ತಡಕಾಡಿದ. ಕೊನೆಗೆ ಸೂರಿನ ಸಂದಿಯಲ್ಲಿ ಕೈಗೆ ಸಿಕ್ಕಿತು, ಹಿಂಡಿ ಬಿಸಾಡಿದ ಏಳು ಸಣ್ಣ ಟ್ಯೂಬು. ಹಲ್ಲುಜ್ಜುವ ಪೇಸ್ಟಿನ ಮರಿಗಳ ಹಾಗಿದ್ದವು. ಮೂತಿ ಮಾತ್ರ ಸೂಜಿಯ ಹಾಗೆ ಚೂಪು. ಒಳಗೆ ಬಿಳೀ ಮುಲಾಮು. ಮೇಲೆ ಇಂಗ್ಲಿಷಿನಲ್ಲಿ ಪೆನಿಸಿಲಿನ್ ಎಂದು ಬರೆದಿತ್ತು.

ಇಷ್ಟು ಹೊತ್ತಿಗೆ ಕೆಂಪಿ ಅವನ ಪಂಚೆಯ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತ್ತು. ಅವನು ಎಳೆದ, ಅದೂ ಎಳೆಯಿತು. ಹೋಗಲಿ ಎಂದು ಸಡಿಲ ಬಿಟ್ಟ, ಅದು ಇನ್ನೊಂದು ಗೇಣು ನುಂಗಿತು. ಕೊನೆಗೆ ಅವನ ಪಾದದ ಮೇಲೆ ಗೊರಸಿಟ್ಟು ನಿಂತುಕೊಂಡಿತು. ಶಾಮಣ್ಣ ಹಾಕಿದ ಕೂಗಿಗೆ ವಿಮಲಾ, ಮೀನಾಕ್ಷಮ್ಮ, ಗಂಗಾಧರಯ್ಯ, ನಿದ್ದೆಗಣ್ಣಿನ ಅಕ್ಕಯಮ್ಮ ಎಲ್ಲ ಓಡಿಬಂದರು. ಹುಲ್ಲಿನ ಗಾಡಿಯೂ ಅದೇ ಹೊತ್ತಿಗೆ ಗೇಟಿನೊಳಗೆ ಬರಬೇಕೆ?

"ಏನ್ ಸಾಮಿ ಇದು? ನಮ್ ಕೊಟ್ಗೇಲಿ ಏನ್ ಮಾಡ್ತಾ ಇದ್ದೀರಿ?"

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಅರ್ಧ ಪಂಚೆ, ಇನ್ನೊಂದರಲ್ಲಿ ಟ್ಯೂಬು ಹಿಡಿದು ಶಾಮಣ್ಣ ಗುಡುಗಿದ. "ನಾನು ಕೇಳಬೇಕು ಆ ಪ್ರಶ್ನೆ! ಹಾಲಿಗೆ ಇದನ್ನ ಬೆರೆಸಿ ಕೊಡ್ತಿದೀರಲ್ಲ, ಇದು ಮನುಷ್ಯರು ಮಾಡೋ ಕೆಲಸವೇ? ಮೂರು ದಿನದಿಂದ ಹಾಲು ಹೆಪ್ಪಾಗ್ತಿಲ್ಲ! ನೀರು ಹಾಕೋದು, ಗಟ್ಟಿ ಮಾಡೋಕೆ ಮುಲಾಮು ಹಾಕೋದು!"

ಚಿಕ್ಕಬೈರಪ್ಪನವರ ಮುಖ ಕಪ್ಪಿಟ್ಟಿತು. ಅವರಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಹೊಲ ಹೋದಾಗಲೂ ಯಾರ ಎದುರಿಗೂ ಕಣ್ಣೀರು ಹಾಕದ ಮನುಷ್ಯ ಈಗ ಹಸುವಿನ ಕೊರಳಿಗೆ ಕೈ ಹಾಕಿಕೊಂಡು ನಿಂತರು.

"ನೋಡಿ ಸಾಮಿ. ಅದು ಕೆಂಪಿ ಮದ್ದು. ಒಂದು ಮೊಲೆ ಬಾತ್ಕಂಡಿತ್ತು, ದನದ ಆಸ್ಪತ್ರೇಲಿ ಕೊಟ್ರು. ಅದ್ರೊಳೀಕೆ ಬಿಡೋದು, ಹಾಲಿಗೆ ಹಾಕೋದಲ್ಲ. ಬಾತಿರೋ ಮೊಲೆ ಹಾಲು ಬ್ಯಾರೆ ಕರ್ದು ಚೆಲ್ತಾ ಇವ್ನಿ. ಜನ ಕೆಟ್ಟ ಕಣ್ಣಾಕ್ತಾರೆ ಅಂತ ಮರೇಲಿ ಬಿಡ್ತಿದ್ದೆ. ನಲವತ್ ವರ್ಸದಿಂದ ದನ ಕಟ್ತಾ ಇವ್ನಿ, ಒಂದ್ ತೊಟ್ಟು ನೀರು ಹಾಕಿದ್ರೆ ಈ ಕೈ ಸೇದೋಗ್ಲಿ."

"ಕಳ್ಳರೆಲ್ಲ ಹೀಗೇ ಆಣೆ ಇಡೋದು," ಎಂದು ಹಿಂದಿನಿಂದ ಗಂಗಾಧರಯ್ಯನವರು ಪಿಸುಗುಟ್ಟಿದರು.

ಆ ಪಿಸುಮಾತು ಶಾಮಣ್ಣನಿಗೆ ಇನ್ನಷ್ಟು ಆವೇಶ ಕೊಟ್ಟಿತು. "ಆಯ್ತು! ಹಾಲು ಹೆಪ್ಪಾಗದೆ ಇರೋಕೆ ಯಾರು ಕಾರಣವೋ ಅವರು ಈ ಗೇಟು ದಾಟಿ ಹೊರಗೆ ಹೋಗಬೇಕು. ಒಪ್ತೀರಾ?"

"ನಿಮ್ ಮಾತಿಗೆ ಕಟ್ಟುಬಿದ್ದೆ ಸಾಮಿ. ನನ್ ತಪ್ಪಾಗಿದ್ರೆ ಈ ಮನೆ ಬಿಟ್ಟು ನಾನೇ ಹೋಯ್ತೀನಿ. ನಿಮ್ದಾಗಿದ್ರೆ?"

"ನಾನು ಹೋಗ್ತೀನಿ!" ಎಂದ ಶಾಮಣ್ಣ. ತನ್ನದು ಹೇಗೆ ತಪ್ಪಾದೀತು?

ಅಷ್ಟರಲ್ಲಿ ಗೇಟಿನ ಹತ್ತಿರ ಸೈಕಲ್ಲಿನ ಗಂಟೆ ಕೇಳಿತು. ಖಾಕಿ ಚಡ್ಡಿ ತೊಟ್ಟು ಬಂದವನು ದನದ ಆಸ್ಪತ್ರೆಯ ಕಂಪೌಂಡರ್ ಗುರುಬಸಪ್ಪ. ಚಿತ್ರದುರ್ಗದ ಕಡೆಯವನು. ಮದ್ದಿನ ಕೊನೆಯ ದಿನವೆಂದು ಕೆಂಪಿಯನ್ನು ನೋಡಿಹೋಗಲು ಬಂದಿದ್ದ. ಎಲ್ಲರೂ ಒಟ್ಟಿಗೆ ದೂರು ಹೇಳಿದರು. ಅವನು ಕೆಚ್ಚಲು ಮುಟ್ಟಿ ನೋಡಿ, ಬಾವು ಇಳಿದಿದೆ ಎಂದು ಸಮಾಧಾನಪಟ್ಟುಕೊಂಡು, ಆಮೇಲೆ ಜೋರಾಗಿ ನಕ್ಕ.

"ಹೆಪ್ಪು ಎಲ್ಲಿಂದ ಆಗ್ತದ್ರೀ? ಕೆಚ್ಚಲಿಗೆ ಕ್ರಿಮಿ ಸೇರಿತ್ತು. ಕ್ರಿಮೀನ ಕೊಲ್ಲಾಕಂತ ಪೆನಿಸಿಲಿನ್ ಬಿಟ್ವಿ. ಒಂದು ಮೊಲಿಗೆ ಬಿಟ್ಟ ಮದ್ದು ಸ್ವಲ್ಪ ಸ್ವಲ್ಪ ಎಲ್ಲಾ ಹಾಲಿಗೂ ಇಳೀತದ. ಹಾಲು ಹೆಪ್ಪಾಗೋದೂ ಕ್ರಿಮಿಯಿಂದಾನೇ. ಹೆಪ್ಪು ಅಂದ್ರೇನು, ಒಂದು ಚಮಚ ಕ್ರಿಮಿ. ಪೊಲೀಸರ ಲಾಠಿಗೆ ಕಲ್ಲು ಹೊಡೆದೋನು ಯಾರು, ಸುಮ್ನೆ ನಿಂತೋನು ಯಾರು ಗೊತ್ತಾಗ್ತದೇನು? ಎಲ್ಲಾರಿಗೂ ಬೀಳ್ತದ. ಹಂಗೇ ಈ ಮದ್ದು."

ಮೀನಾಕ್ಷಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮೊಸರಲ್ಲಿ ಕ್ರಿಮಿನಾ? ಏಕಾದಶಿ ಉಪವಾಸ ಮಾಡಿ ಮಾರನೇ ದಿನ ಮೊಸರನ್ನ ತಿಂತಿದ್ನಲ್ಲೋ!"

"ಒಳ್ಳೇ ಕ್ರಿಮಿ ಬಿಡ್ರೀ ಅಮ್ಮಾರೆ."

"ಕ್ರಿಮೀಲಿ ಒಳ್ಳೇದು ಬೇರೆ!"

"ಅದಿರ್ಲಿ, ಈ ಹಾಲು ನೀವ್ಯಾಕ ಕುಡಿದ್ರಿ? ಕೆಲವರ ಮೈಗೆ ಈ ಮದ್ದು ಒಗ್ಗೋದಿಲ್ಲ, ದದ್ದು ಏಳ್ತದ."

ತಕ್ಷಣ ವಿಮಲಾ ಕತ್ತು ಕೆರೆದುಕೊಂಡಳು. ಮೀನಾಕ್ಷಮ್ಮ ಮೊಣಕೈ ಕೆರೆದುಕೊಂಡರು. ಹಾಲನ್ನೇ ಮುಟ್ಟದ ಗಂಗಾಧರಯ್ಯನವರೂ ಬೆನ್ನಿಗೆ ಕೈ ಹಾಕಿದರು.

ಗುರುಬಸಪ್ಪ ಈಗ ಗಂಭೀರನಾಗಿ ಚಿಕ್ಕಬೈರಪ್ಪನವರ ಕಡೆ ತಿರುಗಿದ. "ಏನ್ರೀ ಯಜಮಾನ್ರೆ, ಡಾಕ್ಟ್ರು ಚೀಟಿ ಬರಕೊಟ್ಟಿದ್ರಲ್ಲ? ಮದ್ದು ಮುಗಿದು ಮೂರು ದಿನ ಆಗೋತನಕ ಈ ಹಸುವಿನ ಹಾಲು ಯಾರಿಗೂ ಕೊಡಬ್ಯಾಡ್ರಿ ಅಂತ?"

ಚಿಕ್ಕಬೈರಪ್ಪನವರು ಪೇಟದ ಮಡಿಕೆಯಿಂದ ಚೀಟಿ ತೆಗೆದುಕೊಟ್ಟರು. ಗುರುಬಸಪ್ಪ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದ. ಮೇಲೆ ಎರಡು ಸಾಲು. ಕೆಳಗೆ ಒಂದು ಸಾಲು, ಅದರ ಅಡಿಗೆ ಕೆಂಪು ಮಸಿಯಲ್ಲಿ ಮೂರು ಗೆರೆ.

"ಇಷ್ಟು ದೊಡ್ಡದಾಗಿ ಬರದೈತಿ! ಓದಿಸಿಕೊಳ್ಳಲಿಲ್ಲೇನು?"

"ಓದಿಸ್ಕಂಡೆ ಸಾಮಿ."

"ಯಾರ ಹತ್ರ?"

ಚಿಕ್ಕಬೈರಪ್ಪನವರು ನೆಲ ನೋಡಿದರು. ದೊಡ್ಡ ಮನುಷ್ಯ, ಹೆಸರು ಹೇಳಲಿಲ್ಲ. "ಓದ್ದೋರು ಅವಸರದಾಗಿದ್ರು. ದಿನಕ್ಕೆ ಎರಡು ಸಲ, ನಾಕು ದಿನ, ಮಿಕ್ಕಿದ್ದೆಲ್ಲ ಇದ್ದಿದ್ದೇ ಅಂದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಾಮಣ್ಣನ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. 'ಮಿಕ್ಕಿದ್ದೆಲ್ಲ ಇದ್ದಿದ್ದೇ' ಎಂಬುದು ಯಾರ ಮಾತೆಂದು ವಿಮಲಾಗೆ ಯಾರೂ ಹೇಳಬೇಕಾಗಿರಲಿಲ್ಲ. ತನಗೆ ಬಂದ ಕಾಗದಗಳನ್ನೂ ಅವನು ಅವಳಿಗೆ ಹಾ‌ಗೆಯೇ ಓದಿ ಹೇಳುತ್ತಿದ್ದ.

"ನೀವಾ?" ಎಂದಳು.

ನಾಚಿಕೆಯಿಂದ ಶಾಮಣ್ಣನಿಗೆ ಆ ಕೊಟ್ಟಿಗೆಯ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ಕೆಂಪಿ ಮಾತ್ರ ನುಂಗಿದ್ದ ಪಂಚೆಯನ್ನು ನಿಧಾನವಾಗಿ ಹೊರಗೆ ಬಿಟ್ಟಿತು.

"ತಪ್ಪಾಯ್ತು ಯಜಮಾನ್ರೆ," ಎಂದ ಕೊನೆಗೆ. "ಮನೆ ಖಾಲಿ ಮಾಡ್ತೀನಿ."

"ಅಮ್ಮಾವ್ರು ಏನ್ ತಪ್ಪು ಮಾಡವ್ರೆ? ಅವ್ರು ಇರ್ಲಿ," ಎಂದರು ಚಿಕ್ಕಬೈರಪ್ಪನವರು. "ಮಾತು ಕೊಟ್ಟೋರು ನೀವು. ನಮ್ ಕೆಂಪಿ ಹಾಲು ಹೆಪ್ಪಾಗೋ ಗಂಟ ಈ ಗೇಟೊಳೀಕೆ ಬರಬ್ಯಾಡಿ. ಹೆಪ್ಪಾದ್ ದಿನ ನಾನೇ ಬಂದು ಕರ್ಕಂಬತ್ತೀನಿ. ಚೀಟಿ ಗೀಟಿ ಇನ್ ಮ್ಯಾಕೆ ಅಮ್ಮಾವ್ರೇ ಓದ್ಲಿ."

ವಿಮಲಾ ತಡ ಮಾಡಲಿಲ್ಲ. ಬೆಳಿಗ್ಗೆ ತುಂಬಿದ್ದ ಟ್ರಂಕಿನಿಂದ ಸೀರೆಗಳನ್ನು ತೆಗೆದು, ಅದೇ ಜಾಗದಲ್ಲಿ ಅವನ ಮೂರು ಷರಟು, ಎರಡು ಪಂಚೆ ಇಟ್ಟಳು. "ನಾಲ್ಕು ದಿನ ತಾನೇ? ಅಮ್ಮನ ಮನೆಗೆ ಹೋಗಿ ಬನ್ನಿ. ಅಮ್ಮಂಗೂ ಸಂತೋಷ ಆಗತ್ತೆ."

ಸೈಕಲ್ಲಿನ ಕ್ಯಾರಿಯರಿಗೆ ಟ್ರಂಕು ಬಿಗಿದುಕೊಂಡು, ಕೆಂಪಿ ತುಳಿದಿದ್ದ ಕಾಲನ್ನು ಎಳೆದುಕೊಂಡು, ಶಾಮಣ್ಣ ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳುವುದೆಂದು ಯೋಚಿಸಿದ. ನೋಡಬೇಕು ಅನ್ನಿಸಿತು ಎನ್ನಬಹುದು. ಅವರು ನಂಬುವುದಿಲ್ಲ. ಸುಣ್ಣ ಬಳಿಸುತ್ತಿದ್ದಾರೆ ಎನ್ನಬಹುದು. ಹಾಗಾದರೆ ಮಗಳೆಲ್ಲಿ ಎನ್ನುತ್ತಾರೆ. ಹೋಗಲಿ, ಅಲ್ಲಿ ಒಂದು ತುತ್ತು ಮೊಸರನ್ನವಾದರೂ ಸಿಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ. ನಾಲಿಗೆ ಮೂರು ದಿನದಿಂದ ಮೊಸರಿಗೆ ಹಾತೊರೆಯುತ್ತಿತ್ತು.

ಹನುಮಂತನಗರದ ಗುಡ್ಡದ ಗುಡಿಯಲ್ಲಿ ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಅವನು ಅತ್ತೆಯ ಮನೆ ಮುಟ್ಟಿದ. ಲಕ್ಷ್ಮಿದೇವಮ್ಮನವರು ಬಾಗಿಲಲ್ಲೇ ನಿಂತಿದ್ದರು. ಟ್ರಂಕನ್ನು ನೋಡಿದರು, ಅಳಿಯನನ್ನು ನೋಡಿದರು. ಯಾಕೆ ಬಂದಿರಿ ಎಂದು ಕೇಳಲೇ ಇಲ್ಲ.

"ಬನ್ನಿ ಅಳಿಯಂದಿರೇ, ನಿಮ್ಮ ದಾರೀನೇ ಕಾಯ್ತಿದ್ದೆ," ಎಂದರು. ಅವರ ಕೈಯಲ್ಲಿ ಅವನು ಶುಕ್ರವಾರ ತಂದುಕೊಟ್ಟಿದ್ದ ಹಾಲಿನ ಕ್ಯಾನು ಇತ್ತು. "ನೀವು ತಂದ ಹಾಲಿಗೆ ಎರಡು ದಿನ ಹೆಪ್ಪು ಹಾಕಿದೆ, ಮೊಸರೇ ಆಗ್ಲಿಲ್ಲ. ನಿಜ ಹೇಳಿ. ದಾರೀಲಿ ಯಾವ ನಲ್ಲಿ ಹತ್ರ ಸೈಕಲ್ ನಿಲ್ಲಿಸಿದ್ರಿ?"